ಚಿಕ್ಕಿಯ ಹತ್ತು ಬೆರಳು

"ಬೆರಳೇನೋ ಇದೆ, ಬೆರಳಲ್ಲಿ ಏನೂ ಇಲ್ಲ ಅಂತಿದಾನೆ," ಅಂದರು ಭಾವ.

ಹಾಗಂದವನು ಕೌಂಟರಿನ ಆಚೆ ಕೂತಿದ್ದ ಕನ್ನಡಕದವನು. ಈ ದೇಶದ ಭಾಷೆ ಚಿಕ್ಕಿಗೆ ಬಾರದು. ಭಾವ ಇಲ್ಲಿ ಲಾರಿ ಓಡಿಸಿಕೊಂಡು, ಗೋದಾಮಿನವರ ಹತ್ತಿರ ಬೈಸಿಕೊಂಡು ಬೈಸಿಕೊಂಡೇ ಆ ಭಾಷೆ ಕಲಿತವರು. ಅವನು ಹೇಳಿದ್ದನ್ನೆಲ್ಲ ಒಂದೊಂದಾಗಿ ಇವಳಿಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದರು.

"ಇನ್ನೊಂದ್ಸಲ ಇಡ್ಲಾ ಭಾವ?"

"ಇಡು ಇಡು. ಗಟ್ಟಿಯಾಗಿ ಇಡು."

ಬಲಗೈಯ ನಾಲ್ಕು ಬೆರಳನ್ನು ಗಾಜಿನ ಮೇಲಿಟ್ಟು ಉಸಿರು ಬಿಗಿಹಿಡಿದು ಒತ್ತಿದಳು. ಯಂತ್ರದ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಪರದೆಯಲ್ಲಿ ಅವಳ ಬೆರಳುಗಳು ಒರೆಸಿದ ಸ್ಲೇಟಿನ ಹಾಗೆ ಕಂಡವು. ಎಲ್ಲೋ ಒಂದೆರಡು ಮಾಸಿದ ಗೆರೆ, ಅವುಗಳ ಮೇಲೆ ಅಡ್ಡಡ್ಡ ಕೊರೆದ ಗೀರು.

"ಏನು ಕೆಲಸ ಮಾಡ್ತಾಳೆ ಇವಳು ಅಂತ ಕೇಳ್ತಿದಾನೆ."

"ಹುಬ್ಬು ತೀಡೋದು ಅನ್ನಿ."

ಹುಬ್ಬಿಗೆ ಆ ಭಾಷೆಯಲ್ಲಿ ಏನನ್ನುತ್ತಾರೋ ಭಾವನಿಗೆ ಗೊತ್ತಿರಲಿಲ್ಲ. ಗೋದಾಮಿನಲ್ಲಿ ಆ ಮಾತು ಬೇಕಾಗಿರಲೇ ಇಲ್ಲವಲ್ಲ. ತಮ್ಮದೇ ಪೊದೆಯಂಥ ಹುಬ್ಬನ್ನು ಹಿಡಿದು, ಕೂದಲು ಕೀಳುವ ಹಾಗೆ ಎಳೆದು ತೋರಿಸಿದರು. ಸಾಲಿನಲ್ಲಿದ್ದವರು ನಕ್ಕರು. ಕನ್ನಡಕದವನೂ ನಗುತ್ತಲೇ ಮೂರು ಬೆರಳು ಎತ್ತಿ ಏನೋ ಹೇಳಿದ. ಅದನ್ನು ಕೇಳಿದ ಭಾವನ ಮುಖದಲ್ಲಿ ಮಾತ್ರ ನಗು ಉಳಿಯಲಿಲ್ಲ.

"ಒಂದು ಅರ್ಜಿಗೆ ಮೂರೇ ಸಲವಂತೆ. ಇವತ್ತಿನದು ಒಂದಾಯ್ತು. ಮೂರನೇದೂ ಹೋದ್ರೆ ಅರ್ಜಿ ಮುಚ್ಚಿಬಿಡ್ತಾರೆ. ಆಮೇಲೆ ನೀನು ಊರಿಗೆ ವಾಪಸ್ ಹೋಗಿ, ಅಲ್ಲಿಂದಲೇ ಮತ್ತೆ ಮೊದಲಿನಿಂದ ಶುರು ಮಾಡ್ಬೇಕು."

ಊರಿಗೆ ಹೋದರೆ ಮೊದಲಿನಿಂದ ಶುರುವಾಗುವುದು ಏನು ಅಂತ ಚಿಕ್ಕಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಬೇರೆ ಸಂಸಾರ ಹೂಡಿದ ಮೇಲೆ ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಹಾಲಿನಲ್ಲಿ ಟೀವಿ ಸ್ಟ್ಯಾಂಡಿನ ಪಕ್ಕ ಹಾಸಿಗೆ. ಟೀವಿ ಆರಿಸಿದ ಮೇಲೆ ಅವಳ ಮಲಗುವ ಹೊತ್ತು, ಅತ್ತಿಗೆ ಎದ್ದ ಕೂಡಲೇ ಅವಳ ಏಳುವ ಹೊತ್ತು. ಬಟ್ಟೆಬರೆಯೆಲ್ಲ ಒಂದು ಸೂಟ್‌ಕೇಸಿನಲ್ಲಿ, ಆ ಸೂಟ್‌ಕೇಸು ದಿವಾನದ ಕೆಳಗೆ. ಯಾರೂ ಒಂದು ಮಾತು ಅಂದವರಲ್ಲ, ಅದು ಬೇರೆ. ಅನ್ನದೇ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ಇವಳಿಗೆ ಕಾಣುತ್ತಿತ್ತು.

ಇಲ್ಲಿಗೆ ಬಂದದ್ದು ಅಕ್ಕನ ಬಾಣಂತನಕ್ಕೆ, ವಿಸಿಟ್ ವೀಸಾದಲ್ಲಿ. "ನೋಡು ಚಿಕ್ಕಿ ಬಂದ್ಲು, ಚಿಕ್ಕಿ ಬಂದ್ಲು" ಅಂತ ಅಕ್ಕ ಮಗುವಿನ ಮುಂದೆ ಅಂದು ಅಂದು, ಭಾವನಿಗೂ ಅವಳು ಚಿಕ್ಕಿಯೇ ಆಗಿದ್ದಳು. ಕಟ್ಟಡದ ಕೆಳಗೇ ಒಂದು ಬ್ಯೂಟಿ ಪಾರ್ಲರ್ ಇತ್ತು. ಅದರ ಮೇಡಂ ನಮ್ಮ ಕಡೆಯವರು, ಇಲ್ಲಿ ಬಂದು ನೆಲೆನಿಂತು ಬಹಳ ವರ್ಷವಾದವರು. ಮಗು ನೋಡಲು ಬಂದವರು ಅಕ್ಕನ ಮುಖ ನೋಡಿ, "ಬಾಣಂತಿಗೆ ಇಷ್ಟು ಚೆಂದದ ಹುಬ್ಬು ಯಾರೇ ತೀಡಿದ್ದು?" ಅಂದರು. ಚಿಕ್ಕಿ ಬಚ್ಚಲಿನಿಂದ ಮಗುವಿನ ಬಟ್ಟೆ ಹಿಂಡುತ್ತಾ ಬಂದಳು. ಮಾತು ಅಲ್ಲಿಂದ ಶುರುವಾಯಿತು. ಮೇಡಂ ಕೆಲಸದ ವೀಸಾಕ್ಕೆ ಅರ್ಜಿ ಹಾಕಿಸಿದರು, ರಕ್ತ ಕೊಟ್ಟದ್ದಾಯಿತು, ಎದೆಯ ಫೋಟೋ ತೆಗೆಸಿದ್ದಾಯಿತು. ಉಳಿದದ್ದು ಬೆರಳೊಂದೇ. ವಿಸಿಟ್ ವೀಸಾ ಮುಗಿಯುವುದು ಮುಂದಿನ ಶುಕ್ರವಾರ.

ಇನ್ನು ಬೆರಳಿನ ಕಥೆ. ಹುಬ್ಬು ತೀಡುವವರು ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಎಳೆಯುತ್ತಾರೆ. ಬೆರಳು ಕೊಯ್ಯದಿರಲಿ ಅಂತ ಹೆಚ್ಚಿನವರು ಟೇಪು ಸುತ್ತಿಕೊಳ್ಳುತ್ತಾರೆ. ಚಿಕ್ಕಿ ಮಾತ್ರ, ಊರಿನ ಪಾರ್ಲರಿನಲ್ಲಿ ಕೆಲಸ ಮಾಡಿದಷ್ಟು ವರ್ಷ, ಒಂದು ದಿನವೂ ಸುತ್ತಿದವಳಲ್ಲ. ದಾರ ಕೂದಲನ್ನು ಹಿಡಿಯಿತೋ ಚರ್ಮವನ್ನು ಹಿಡಿಯಿತೋ ಅನ್ನುವುದು ಟೇಪಿನ ಒಳಗಿದ್ದ ಬೆರಳಿಗೆ ತಿಳಿಯುವುದಿಲ್ಲ ಅನ್ನುವುದು ಅವಳ ಜಂಬ. ಅವಳ ಕೈಗೆ ಕೂತವರು ಯಾವತ್ತೂ ನೋವಿಗೆ ಹಾಯ್ ಅಂದಿಲ್ಲ. ಆ ಜಂಬದ ಮೇಲೆ ಬ್ಲೀಚು, ಹೇರ್ ಡೈ, ಅದರ ಮೇಲೆ ಮಗುವಿನ ಬಟ್ಟೆಯ ಸೋಪು. ಬೆರಳಿನಲ್ಲಿ ಇನ್ನೇನು ಉಳಿದೀತು?

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಅಕ್ಕ ಮಂಚದಿಂದ ಎದ್ದುಬಿಟ್ಟಳು.

"ಇವತ್ತಿಂದ ನೀನು ಒಂದು ಲೋಟ ಮುಟ್ಟಕೂಡದು."

"ಅಕ್ಕ, ಬಾಣಂತಿ ನೀನು."

"ಇದ್ರೆ ಇದ್ದೆ. ನನ್ನ ಬೆರಳು ಯಾರೂ ಕೇಳ್ತಿಲ್ಲವಲ್ಲ!"

ಪಾತ್ರೆ ಭಾವನ ಪಾಲಾಯಿತು, ಬಟ್ಟೆ ಮೆಷಿನ್ನಿನ ಪಾಲಾಯಿತು. ಚಿಕ್ಕಿ ಅನ್ನ ಕಲಸಲು ಕೈ ಹಾಕಿದರೆ ಅಕ್ಕ ತಟ್ಟೆ ಕಿತ್ತುಕೊಂಡು ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಭಾವ ಸಿಂಕಿನ ಮುಂದೆ ನಿಂತು, "ಎಂಥ ಯೋಗ ನಂದು. ಮನೇಲಿ ಬಾಣಂತೀರು ಇಬ್ರು, ಮಗು ಒಂದೇ," ಅಂದರು. ಮೂವರೂ ನಕ್ಕರು. ನಗು ಮುಗಿದ ಮೇಲೆ ಮೂವರೂ ಚಿಕ್ಕಿಯ ಕೈ ನೋಡಿದರು. ಅವಳು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮಲಗುವ ಮುಂಚೆ ಅಕ್ಕ ಒಂದು ಬಟ್ಟಲು ತಂದಳು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ. ನಮ್ಮಲ್ಲಿ ಈಳಿಗೆ ಕೊಯ್ದರೆ ಅರಿಶಿನ, ಮಗು ಬಿದ್ದರೆ ಅರಿಶಿನ, ಗಾಯ ಅಂತ ಕಂಡರೆ ಕೈ ತಾನಾಗಿ ಹೋಗುವುದೇ ಆ ಡಬ್ಬಕ್ಕೆ. ಯಾರಿಗೂ ಒಂದು ಅನುಮಾನವೂ ಬರಲಿಲ್ಲ. ಅಕ್ಕ ಒಂದೊಂದೇ ಬೆರಳು ಹಿಡಿದು ಗೀರಿನೊಳಗೆ ಇಳಿಯುವ ಹಾಗೆ ತಿಕ್ಕಿ ತಿಕ್ಕಿ ತುಂಬಿದಳು. ಹಾಸಿಗೆ ಹಳದಿಯಾಗದಿರಲಿ ಅಂತ ಎರಡು ಕೈಗೂ ಭಾವನ ಕಾಲುಚೀಲ ಹಾಕಿದಳು.

"ಒಗೆದದ್ದು ತಾನೇ?" ಅಂದಳು ಚಿಕ್ಕಿ.

"ನನ್ನನ್ನೇನು ಕೇಳ್ತೀಯ? ಈಗ ಮೆಷಿನ್ನಿಗೆ ಹಾಕೋರು ಅವರೇ."

ದಿನಾ ಹೀಗೇ ನಡೆಯಿತು. ಗೀರುಗಳು ನಿಜಕ್ಕೂ ಕೂಡಿಕೊಂಡವು. ಭಾನುವಾರ ಕಳೆದು ಕಚೇರಿ ತೆರೆದ ದಿನ ಭಾವ ಅವಳನ್ನು ಮತ್ತೆ ಕರೆದುಕೊಂಡು ಹೋದರು. ಚಿಕ್ಕಿ ಧೈರ್ಯವಾಗಿ ಹತ್ತೂ ಬೆರಳನ್ನು ಚಾಚಿದಳು. ಕನ್ನಡಕದವನು ಅವುಗಳನ್ನು ನೋಡಿ ಕುರ್ಚಿಯಲ್ಲಿ ಹಿಂದೆ ಸರಿದ. ಹತ್ತೂ ಚಿನ್ನದ ಬಣ್ಣ. ಒರೆಸಿಕೊಂಡು ಇಡಲು ಹೇಳಿದ. ಇಟ್ಟಳು. ಗಾಜಿನ ಮೇಲೆ ಹಳದಿ ಜಿಡ್ಡು ಕೂತಿತು. ಪರದೆಯಲ್ಲಿ ಬೆರಳಿನ ಬದಲು ನಾಲ್ಕು ಉರುಟು ಮೋಡ. ಅಳಿದುಳಿದ ಸಣ್ಣ ಗೆರೆಗಳ ಸಂದಿನಲ್ಲೆಲ್ಲ ಅರಿಶಿನ ತುಂಬಿ ಮಟ್ಟಸವಾಗಿತ್ತು. ಅವನು ಗಾಜನ್ನು ಉಜ್ಜುತ್ತಾ ಉದ್ದಕ್ಕೆ ಏನೇನೋ ಅಂದ. ಭಾವ ಈ ಸಲ ಅದನ್ನು ಕನ್ನಡಕ್ಕೆ ತರಲಿಲ್ಲ.

"ಎರಡಾಯ್ತು," ಅಂದರು, ಅಷ್ಟೇ. ಮೂರನೆಯದಕ್ಕೆ ಸಿಕ್ಕಿದ ದಿನ ಗುರುವಾರ.

ಅಕ್ಕ ಅತ್ತಳು. "ನಾನೇ ನಿನ್ನ ಕೈ ಕೆಡಿಸಿದೆ" ಅಂತ ಅವಳು, "ಇಲ್ಲ ಕಣೇ, ನನ್ನ ಕೈ ಮೊದಲೇ ಕೆಟ್ಟಿತ್ತು" ಅಂತ ಇವಳು. ಇಬ್ಬರ ಗಲಾಟೆಗೆ ಮಗು ಎದ್ದು ಅದೂ ಶುರುಮಾಡಿತು. ಅಷ್ಟರಲ್ಲಿ ಊರಿನಿಂದ ಅಣ್ಣನ ಫೋನು.

"ಏನಾಯ್ತೇ? ಆಗ್ಲಿಲ್ವಾ? ಹೋಗ್ಲಿ ಬಿಡು, ಬಂದ್ಬಿಡು. ನಿನ್ನ ಹಾಸಿಗೆ ಎಲ್ಲೂ ಹೋಗಿಲ್ಲ," ಅಂದ. ಪಾಪ, ಸಮಾಧಾನಕ್ಕೇ ಅಂದದ್ದು. ಚಿಕ್ಕಿಗೆ ಟೀವಿ ಸ್ಟ್ಯಾಂಡಿನ ಕೆಳಗಿನ ವೈರುಗಳು, ಆ ವೈರುಗಳ ಮೇಲಿನ ಧೂಳು ಕಣ್ಣ ಮುಂದೆ ಬಂದವು. "ಗುರುವಾರ ನೋಡೋಣ ಅಣ್ಣ" ಅಂದು ಫೋನ್ ಅಕ್ಕನ ಕೈಗೆ ಕೊಟ್ಟಳು.

ಬುಧವಾರ ಮಧ್ಯಾಹ್ನ ಮೇಡಂ ಕೆಳಗಿನಿಂದ ಕರೆ ಕಳಿಸಿದರು. ಹೋದರೆ ಪಾರ್ಲರಿನ ಕುರ್ಚಿಗಳೆಲ್ಲ ಭರ್ತಿ, ಸೋಫಾ ತುಂಬ ಹೆಂಗಸರು. ಒಂದೇ ಮನೆಯ ಮದುವೆಯವರು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಜ್ವರ ಅಂತ ಬಂದಿರಲಿಲ್ಲ.

"ಬಾರೆ ತಾಯಿ. ಮದುಮಗಳದ್ದೊಂದು ಮಾಡು ಸಾಕು, ಉಳಿದವರನ್ನ ನಾನು ನೋಡ್ಕೋತೀನಿ."

"ಮೇಡಂ, ನಾಳೆ ಬೆರಳು ಕೊಡ್ಬೇಕು."

"ಗೊತ್ತಮ್ಮ. ಎರಡೇ ಹುಬ್ಬು. ಎರಡು ಹುಬ್ಬಿಗೆ ಏನಾಗತ್ತೆ? ಬೇಕಾದ್ರೆ ಟೇಪು ಸುತ್ಕೋ."

ಮದುಮಗಳು ಆಗಲೇ ಕತ್ತು ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದ್ದಳು. ಚಿಕ್ಕಿ ಟೇಪು ಸುತ್ತಿಕೊಂಡಳು. ದಾರದ ಉಂಡೆ ಕೈಗೆ ಬಂತು, ತುದಿ ಹಲ್ಲಿಗೆ ಸಿಕ್ಕಿತು. ಬಗ್ಗಿ ಒಂದೆಳೆ ಎಳೆದಳು. ಹುಡುಗಿ "ಹಾಯ್" ಅಂದಳು. ಚಿಕ್ಕಿಯ ಎಡಗೈ ತಾನಾಗಿ ಬಲಗೈಗೆ ಹೋಗಿ ಟೇಪನ್ನು ಸುಲಿಯಿತು. ಸುಲಿದಾದ ಮೇಲೆಯೇ ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಾದದ್ದು. ದಾರವನ್ನು ಬಾಯಿಂದ ತೆಗೆದು ಟ್ರೇಯಲ್ಲಿಟ್ಟಳು.

"ಆಗಲ್ಲ ಮೇಡಂ."

"ಏನು ಆಗಲ್ಲ?"

"ಟೇಪಿದ್ರೆ ನನಗೆ ಬರಲ್ಲ. ಟೇಪಿಲ್ದೆ ಇವತ್ತು ಮಾಡಲ್ಲ."

ಕೆಲಸ ಕೊಡುವವರ ಮುಂದೆ ಅವಳು ಇಲ್ಲ ಅಂದದ್ದು ಅದೇ ಮೊದಲು. ಸೋಫಾದ ಹೆಂಗಸರು ಕನ್ನಡ ಬಾರದಿದ್ದರೂ ತಿಳಿದವರ ಹಾಗೆ ಇತ್ತ ತಿರುಗಿದರು. ಮೇಡಂ ಕನ್ನಡಿಯಲ್ಲೇ ಅವಳನ್ನು ನೋಡಿದರು.

"ಸರಿ. ನಾಳೆ ಏನಾಗತ್ತೋ ನೋಡೋಣ," ಅಂದು ತಾವೇ ದಾರ ಎತ್ತಿಕೊಂಡರು.

ಆ 'ನೋಡೋಣ'ವನ್ನು ಅವಳು ರಾತ್ರಿಯೆಲ್ಲ ತಿರುವಿ ತಿರುವಿ ನೋಡಿದಳು. ಬೆರಳಚ್ಚು ಬಿದ್ದು, ಮೇಡಂ ಕೈಬಿಟ್ಟರೆ? ಮೇಡಂ ಕೈಬಿಡದೆ, ಅಚ್ಚೇ ಬೀಳದಿದ್ದರೆ? ಅಕ್ಕ ಏನೂ ಹಚ್ಚಲಿಲ್ಲ, ಬಟ್ಟಲು ಹಿಡಿದು ಬಾಗಿಲವರೆಗೆ ಬಂದು ಹಾಗೇ ವಾಪಸು ಹೋದಳು.

ಗುರುವಾರ ಕೌಂಟರಿನಲ್ಲಿ ಕನ್ನಡಕದವನಿರಲಿಲ್ಲ. ನಡುವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಕಡತ ನೋಡಿದಳು, ಚಿಕ್ಕಿಯನ್ನು ನೋಡಿದಳು. ಚಿಕ್ಕಿ ಬೆರಳಿಟ್ಟು ಹಲ್ಲು ಕಚ್ಚಿ ಒತ್ತಿದಳು. ಕೆಂಪು. ಭಾವ ಕಣ್ಣು ಮುಚ್ಚಿಕೊಂಡರು. ಆದರೆ ಆ ಹೆಂಗಸು ಏನನ್ನೂ ಬರೆದುಕೊಳ್ಳಲಿಲ್ಲ. ಕೌಂಟರಿನ ಆಚೆಯಿಂದ ಕೈ ಚಾಚಿ ಚಿಕ್ಕಿಯ ಮಣಿಕಟ್ಟು ಹಿಡಿದು ಮೇಲೆತ್ತಿದಳು. ಉಗುರುಗಳು ಬೆಳ್ಳಗೆ ಬಿಳಿಚಿದ್ದವು.

"ಒತ್ತಬೇಡ ಅಂತಿದಾಳೆ," ಅಂದರು ಭಾವ. "ಇಷ್ಟು ಒತ್ತಿದ್ರೆ ಇರೋದೂ ಚಪ್ಪಟೆಯಾಗತ್ತಂತೆ. ಸುಮ್ನೆ ಇಡು. ಮಲಗಿರೋ ಮಗು ಮೇಲೆ ಕೈ ಇಡೋ ಹಾಗೆ ಅಂತೆ."

"ಹಾಗಂದ್ಲಾ?"

"ಮಗು ಅಂದದ್ದು ನಾನು. ಇಡು."

ಇಟ್ಟಳು. ಬೆರಳು ತಾವಾಗಿ ಭಾರ ಬಿಡಲು ನೋಡಿದವು. ಆ ಹೆಂಗಸು ಮಣಿಕಟ್ಟು ಬಿಡದೆ ಹಗುರವಾಗಿ ತಡೆದಳು. ಹಸಿರು ದೀಪ ಹತ್ತಿತು. ಎಡಗೈಗೆ ಎರಡು ಸಲ ತಡವರಿಸಿ ಹಸಿರು. ಹೆಬ್ಬೆರಳುಗಳಿಗೆ ಎಷ್ಟು ಹೊತ್ತಾಯಿತೋ, ಹಿಂದಿದ್ದವರು ಗೊಣಗಲು ಶುರುಮಾಡಿದರು. ಕೊನೆಗೆ ಅದೂ ಹಸಿರು. ಪ್ರಿಂಟರಿನಿಂದ ಒಂದು ಚೀಟಿ ಬಂತು. ವೀಸಾ ಬರುವವರೆಗೆ ಇಲ್ಲೇ ಇರಬಹುದು ಅಂತ ಭಾವ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಅಕ್ಕನಿಗೆ ಫೋನ್ ಮಾಡಲು ಹೊರಗೆ ಓಡಿದರು.

"ಅಕ್ಕಾ, ಕನ್ನಡದವರಾ?"

ಸಾಲಿನಲ್ಲಿ ಅವಳ ಹಿಂದಿದ್ದವನು ಕೇಳಿದ. ಟೈಲ್ಸ್ ಕೂರಿಸುವವನಂತೆ. ಅಂಗಿ ಇಸ್ತ್ರಿಯಾಗಿತ್ತು, ಕೈ ಮಾತ್ರ ಸಿಮೆಂಟು ತಿಂದು ಬಿರುಕುಬಿಟ್ಟು ಬೂದಿ ಬಣ್ಣವಾಗಿತ್ತು.

"ಹೂಂ. ನಿಮ್ಮದು ಎಷ್ಟನೇ ಸಲ?"

"ಮೂರನೇದು. ಏನು ಹಚ್ಕೊಂಡ್ರಿ ಅಕ್ಕ ನೀವು?"

"ಏನೂ ಹಚ್ಚಿಲ್ಲ. ಒತ್ತಬೇಡಿ. ಇಟ್ರೆ ಸಾಕು."

ಅವನು ತಲೆಯಾಡಿಸಿ ಮುಂದೆ ಹೋದ. ಅಂಗೈಯನ್ನು ಪ್ಯಾಂಟಿಗೆ ಒರೆಸಿ ಗಾಜಿನ ಮೇಲಿಟ್ಟ. ಕೆಂಪು ದೀಪ ಹತ್ತಿತು. ಬಾಗಿಲವರೆಗೆ ಹೋಗಿದ್ದ ಚಿಕ್ಕಿ ತಿರುಗಿ ಬಂದು, ಗೋಡೆಯ ಪಕ್ಕದ ಖಾಲಿ ಕುರ್ಚಿಯಲ್ಲಿ, ಅವನ ಕೈ ಕಾಣುವ ಹಾಗೆ ಕೂತಳು.