ಏಳು ಕಪ್ಪೆ ಮತ್ತು ಎರಡನೇ ಹಾಳೆ

ವನಮಾಲಾಗೆ ಒಂದು ಸಾಲು ಬಾಯಿಪಾಠವಾಗಿತ್ತು: ‘ಕಪ್ಪೆ ಹಿಡಿಯಲು ನೆರವಾದ ಒಬ್ಬ ವಿದ್ಯಾರ್ಥಿನಿಗೆ ವಂದನೆ.’

1983ರಲ್ಲಿ ಪ್ರಾಣಿಶಾಸ್ತ್ರದ ಪತ್ರಿಕೆಯೊಂದರ ಕೊನೆಯ ಪುಟದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿತ್ತು. ಹೊಸನಗರದ ಆಚೆಯ ಹಳ್ಳದಲ್ಲಿ ಎರಡು ಮಳೆಗಾಲ ನಿಂತು, ಇಂಬಳಗಳಿಗೆ ರಕ್ತ ಕೊಟ್ಟು, ಆ ಬಂಡೆಕಪ್ಪೆಯನ್ನು ಕಂಡುಹಿಡಿದವಳು ತೀರ್ಥಹಳ್ಳಿಯ ಈ ಹುಡುಗಿ. ಲೇಖನದ ಮೇಲಿದ್ದದ್ದು ಮಾತ್ರ ಅವಳ ಮೇಷ್ಟ್ರು ಗಣೇಶಮೂರ್ತಿಯವರ ಹೆಸರು. ಸಾಲದ್ದಕ್ಕೆ, ‘ಇದರ ಕುಲವೇ ಬೇರೆ’ ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, ‘ಗದ್ದೆಕಪ್ಪೆಯ ಹತ್ತಿರದ ನಂಟ’ ಎಂದು ತಿದ್ದಿದ್ದರು.

ಹಣೆಬರಹ ನೋಡಿ, ಅವಳಿಗೆ ಕೆಲಸ ಸಿಕ್ಕಿದ್ದೂ ಸಾಗರದ ಕಾಲೇಜಿನಲ್ಲಿ, ಅದೇ ಮೇಷ್ಟ್ರ ಕೈಕೆಳಗೆ. ನಾಲ್ಕು ವರ್ಷ ದಿನಾ ‘ನಮಸ್ಕಾರ ಸರ್’ ಎಂದಳು. ಒಳಗೊಳಗೇ ಕತ್ತಿ ಮಸೆದಳು.

1987ರ ಜೂನ್‌ನಲ್ಲಿ ಬೆಂಗಳೂರಿನಿಂದ ಕಾಗದ ಬಂತು. ಬರೆದವಳು ಹಳೆಯ ಹಾಸ್ಟೆಲ್ ಗೆಳತಿ ವಾಗ್ದೇವಿ. ಈಗ ದೊಡ್ಡ ಪ್ರಯೋಗಾಲಯದಲ್ಲಿದ್ದಳು. ‘ಜೀವಕೋಶದೊಳಗೆ ಮೈಟೊಕಾಂಡ್ರಿಯ ಎನ್ನುವ ಪುಟ್ಟ ಒಲೆಗಳಿರುತ್ತವಲ್ಲ, ಅವುಗಳ ಡಿಎನ್ಎ ಮಕ್ಕಳಿಗೆ ಬರುವುದು ತಾಯಿಯಿಂದ. ಅದರ ಅಕ್ಷರಗಳನ್ನು ಓದಿದರೆ ಯಾವ ಕಪ್ಪೆ ಯಾರ ಕುಲ ಅಂತ ಹೇಳಬಹುದು. ನಿನ್ನ ಬಂಡೆಕಪ್ಪೆ ಕಳಿಸೇ!’

ಅಷ್ಟು ಮೊದಲ ಹಾಳೆ. ವನಮಾಲಾ ಎರಡನೆಯದನ್ನು ಓದುತ್ತಿದ್ದಾಗ ಮೇಷ್ಟ್ರು ಬಂದವರೇ ಮೇಜಿನ ಮೇಲಿದ್ದ ಮೊದಲನೆಯದನ್ನು ಎತ್ತಿಕೊಂಡರು.

“ಎಂತ ವನಮಾಲಾ, ಬೆಂಗ್ಳೂರಿಗೆಲ್ಲ ಪತ್ರವ್ಯವಹಾರ ಜೋರಾ? ಇದು ನನ್ನ ಕಪ್ಪೆ. ನಾನೇ ಕಳಿಸ್ತೀನಿ. ನೀನು ಬಕೀಟು ಹೊತ್ಕೊಂಡು ಬಾ, ಸಾಕು.”

“ಸರ್, ಇನ್ನೊಂದು ಹಾಳೇಲಿ…”

“ಮೂವತ್ತು ವರ್ಷದಿಂದ ಕಪ್ಪೆ ಕೊಯ್ತಿದೀನಿ. ಕಾಗ್ದ ನೋಡಿ ಕಲೀಬೇಕಾ ನಾನು?”

ಇನ್ನೊಂದು ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಫಾರ್ಮಲಿನ್ ಸೋಕಿಸಲೇಬೇಡ. ಸೋಕಿದರೆ ಡಿಎನ್ಎ ಕೆಟ್ಟು ಒಂದಕ್ಷರವೂ ಸಿಗುವುದಿಲ್ಲ. ಹೆಣ್ಣು ಕಪ್ಪೆಯ ಮೊಟ್ಟೆ, ಪಿತ್ತಜನಕಾಂಗ ಎರಡನ್ನೂ ಐಸಿನಲ್ಲಿಟ್ಟು ತಾ.’

ವನಮಾಲಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಒಂದು ಸಲ ಹೇಳಲು ಹೋಗಿಯಾಗಿತ್ತು. ಮತ್ತೆ ಮತ್ತೆ ಹೇಳಲು ಅವಳೇನು ರೇಡಿಯೋನಾ?

ಮೇಷ್ಟ್ರ ಅಭ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ಸಿಕ್ಕ ಜೀವಿ ಐದೇ ನಿಮಿಷದಲ್ಲಿ ಕೊಳೆಯದಂತಿಡುವ ಫಾರ್ಮಲಿನ್ ಪಾಲು. ಮದುವೆಯ ಹಾರವನ್ನೂ ಭರಣಿಯಲ್ಲಿ ಇಟ್ಟಿದ್ದಾರಂತೆ ಎಂದು ಹುಡುಗರು ನಗುತ್ತಿದ್ದರು.

ಹಳ್ಳದಲ್ಲಿ ನೆರವಿಗೆ ಬಂದವನು ಆ ಊರಿನ ಗುತ್ಯಪ್ಪ. ಕೂಗು ಕೇಳಿಯೇ ಕಪ್ಪೆ ಯಾವ ಕಲ್ಲಿನಡಿ ಇದೆ ಎಂದು ಹೇಳುವವನು. ಮಧ್ಯಾಹ್ನದೊಳಗೆ ಏಳು ಹಿಡಿದುಕೊಟ್ಟ. ಮೇಷ್ಟ್ರು ಅವನ್ನು ಭರಣಿಗೆ ಹಾಕಿ ಘಾಟು ಹೊಡೆಯುವ ಫಾರ್ಮಲಿನ್ ಸುರಿದರು.

“ಉಪ್ಪಿನಕಾಯಿ ಹಾಕಿದ್ರಾ ಮೇಷ್ಟ್ರೇ?” ಎಂದ ಗುತ್ಯಪ್ಪ, ಮೂಗು ಮುಚ್ಚಿಕೊಂಡು.

“ನೂರು ವರ್ಷ ಕೆಡಲ್ಲ ಕಣಯ್ಯ!”

ಏಳು ಕಪ್ಪೆಗಳು ಕಾಲು ಜಾಡಿಸಿದವು. ವನಮಾಲಾಳ ಬಾಯಿ ಒಮ್ಮೆ ತೆರೆಯಿತು. ಇರುವೆಯಂಥ ಆ ಅಕ್ಷರಗಳು ನೆನಪಾದವು. ಮುಚ್ಚಿಕೊಂಡಳು.

ಮರುದಿನ ರಜೆ ಹಾಕಿ, ಸಾಗರದ ಐಸ್‌ಕ್ಯಾಂಡಿ ಅಂಗಡಿಗೆ ಹೋಗಿ ಮನೆಯ ಕಾಫಿ ಫ್ಲಾಸ್ಕು ಮುಂದಿಟ್ಟಳು.

“ಬರೀ ಐಸ್ ಎಂತಕ್ಕಮ್ಮ?”

“ಕಪ್ಪೆ ಮದ್ವೆ ಇದೆ. ತುಂಬ್ಸಿ, ತುಂಬ್ಸಿ.”

ಬಸ್ಸಿಳಿದು ಹಳ್ಳಕ್ಕೆ ಬಂದಾಗ ಗುತ್ಯಪ್ಪ ಮೊಟ್ಟೆ ತುಂಬಿದ ಒಂದೇ ಒಂದು ಹೆಣ್ಣು ಹಿಡಿದುಕೊಟ್ಟ. ಅದನ್ನು ಅಲ್ಲೇ ಬಂಡೆಯ ಮೇಲೆ ಕೊಯ್ದು, ಬೇಕಾದ್ದನ್ನು ಸೀಸೆಗೆ ತುಂಬಿ, ಸೀಸೆಯನ್ನು ಐಸಿನಲ್ಲಿ ಹುಗಿದಳು. ಫ್ಲಾಸ್ಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಾನೇ ಬೆಂಗಳೂರಿಗೆ ಹೋಗಿ ಬಂದಳು.

ಮುಂದಿನ ಫೆಬ್ರವರಿಯಲ್ಲಿ ಮೇಷ್ಟ್ರು ಫಲಿತಾಂಶ ಹೇಳಲು ವಾಗ್ದೇವಿಯನ್ನು ಕರೆಸಿ, ಕಾಲೇಜಿನಲ್ಲಿ ದೊಡ್ಡ ಸಭೆ ಇಟ್ಟುಕೊಂಡರು. ‘ನನ್ನ ಕಪ್ಪೆ’ ಎಂದು ಅರ್ಧ ಗಂಟೆ ಮಾತಾಡಿ, ಶಾಲು ಸರಿಮಾಡಿಕೊಂಡು ಕೂತರು. ಆಮೇಲೆ ವಾಗ್ದೇವಿ ಎದ್ದಳು.

“ಸರ್ ಕಳಿಸಿದ ಏಳು ಕಪ್ಪೆಯಿಂದ ಒಂದಕ್ಷರನೂ ಓದಕ್ಕಾಗ್ಲಿಲ್ಲ. ಫಾರ್ಮಲಿನ್ ಬೇಡ ಅಂತ ಕಾಗದದಲ್ಲಿ ಬರೆದಿದ್ದೆನಲ್ಲ?”

“ಎಲ್ಲಿ ಬರೆದಿದ್ರಿ?” ಮೇಷ್ಟ್ರು ಕೂತಲ್ಲಿಂದ ಎದ್ದರು.

ವನಮಾಲಾ ಎದ್ದು ವೇದಿಕೆಗೆ ನಡೆದಳು. ಬ್ಯಾಗಿನ ಜಿಪ್ ಎಳೆದು, ಮಡಚಿದ ಹಾಳೆಯನ್ನು ಅವರ ಕೈಯಲ್ಲಿಟ್ಟಳು.

“ಇಲ್ಲಿ ಸರ್. ಅವತ್ತೇ ಹೇಳಕ್ಕೆ ಬಂದಿದ್ದೆ. ಕಾಗ್ದ ನೋಡಿ ಕಲೀಬೇಕಾ ಅಂದ್ರಿ.”

ಹಿಂದಿನ ಬೆಂಚಿನವರು ಗೊಳ್ಳೆಂದರು. ವಾಗ್ದೇವಿ ಎಕ್ಸ್‌ರೇ ಫಿಲ್ಮೊಂದನ್ನು ಬೆಳಕಿಗೆ ಹಿಡಿದಳು. ಅದರ ತುಂಬ ಏಣಿಯ ಮೆಟ್ಟಿಲಿನಂಥ ಕಪ್ಪು ಗೆರೆಗಳು. ವನಮಾಲಾ ತಂದ ಫ್ಲಾಸ್ಕಿನ ಕಪ್ಪೆಯದಂತೆ. ನಾನೂರು ಅಕ್ಷರ ಓದಿಯಾಗಿತ್ತು. ಗದ್ದೆಕಪ್ಪೆಗೂ ಇದಕ್ಕೂ ಹತ್ತಿರದ ನಂಟಿಲ್ಲ. ಇದರ ಕುಲವೇ ಬೇರೆ.

ಮೇಷ್ಟ್ರು ಹೊಡೆದುಹಾಕಿದ್ದ ಸಾಲು, ಮೇಷ್ಟ್ರ ಮೈಕಿನಲ್ಲೇ ಕೇಳಿಸಿತು.

ಹೊಸ ಲೇಖನ ವನಮಾಲಾ ಮತ್ತು ವಾಗ್ದೇವಿಯ ಹೆಸರಲ್ಲಿ ಬಂತು. ವಂದನೆಗಳಲ್ಲಿ ಮೊದಲು ಗುತ್ಯಪ್ಪ, ಊರಿನ ಹೆಸರಿನ ಸಮೇತ. ಕೊನೆಯ ಸಾಲನ್ನು ವನಮಾಲಾ ಒಂದೊಂದೇ ಅಕ್ಷರ ಒತ್ತಿ, ಚಪ್ಪರಿಸುತ್ತಾ ಟೈಪ್ ಮಾಡಿದ್ದಳು: ‘ಕಪ್ಪೆ ಹಿಡಿಯುವಾಗ ಜೊತೆಗಿದ್ದ ಒಬ್ಬ ಅಧ್ಯಾಪಕರಿಗೆ ವಂದನೆ.’

ಅದನ್ನು ಓದಿ ಹೇಳಿದಾಗ ಗುತ್ಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೇಳಿದ, “ಅಲ್ಲಮ್ಮಾ, ಆ ಏಳು ಕಪ್ಪೆ ನಿಮಗೆ ಎಂತ ಮಾಡಿದ್ವು?”

ಮರುದಿನ ವನಮಾಲಾ ಕಾಲೇಜಿಗೆ ಬಂದವಳೇ, ಬೆಂಗಳೂರಿನಿಂದ ವಾಪಸ್ ಬಂದಿದ್ದ ಭರಣಿಯನ್ನು ಮೂಲೆಯ ಕಪಾಟಿನಿಂದ ತೆಗೆದಳು. ಧೂಳು ಒರೆಸಿದಳು. ಏಳು ಜೊತೆ ಬಿಳಿಗಣ್ಣು ಮೇಷ್ಟ್ರ ಕುರ್ಚಿಯನ್ನೇ ನೋಡುವ ಹಾಗೆ, ಎದುರಿನ ಕಿಟಕಿಯಲ್ಲಿ ಇಟ್ಟಳು. ಅವರು ರಿಟೈರ್ ಆಗಲು ಇನ್ನೂ ಆರು ವರ್ಷವಿತ್ತು.