ಕನ್ನಡಕದಣ್ಣನ ಸೈಕಲ್ ದಾರಿ

ಬಸ್ಸು ಬಂತು. ಆದರೆ ನಿಲ್ಲಲಿಲ್ಲ.

ನಿಲ್ಲುವುದಾದರೂ ಹೇಗೆ? ಬಾಗಿಲಲ್ಲೇ ಜನ ಗೊಂಚಲು ಗೊಂಚಲಾಗಿ ಜೋತುಬಿದ್ದಿದ್ದರು. ಸ್ಟಾಪಿನಲ್ಲಿ ಇದ್ದವರು ಕೈ ಅಡ್ಡ ಹಿಡಿದರು, ಕೂಗಿದರು, ಕೊನೆಗೆ ಬಸ್ಸಿನ ಬೆನ್ನು ನೋಡುತ್ತ ಸುಮ್ಮನಾದರು. ಅವರಲ್ಲಿ ಕನ್ನಡಕದಣ್ಣನೂ ಒಬ್ಬ.

ಕನ್ನಡಕದಣ್ಣ ಎಂದರೆ ಕನ್ನಡಕ ಹಾಕುವವನಲ್ಲ. ಅವನ ಕಣ್ಣು ಚೆನ್ನಾಗಿಯೇ ಇದ್ದವು. ನಗರದ ಇನ್ನೊಂದು ಮೂಲೆಯ ಕನ್ನಡಕದ ಅಂಗಡಿಯಲ್ಲಿ, ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ ಅವನದು. ಬೀದಿಯವರೆಲ್ಲ ಹಾಗೇ ಕರೆದು ಕರೆದು, ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋದ ಹಾಗಿತ್ತು.

ಅವತ್ತೂ ಅಂಗಡಿ ಮುಟ್ಟುವಾಗ ತಡವಾಗಿತ್ತು. ಮಾಲೀಕರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಿನ್ನ ಕೈಕೆಲಸ ಒಳ್ಳೇದು, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಬೆಳಿಗ್ಗೆ ಬಂದ ಗಿರಾಕಿ ಕಾದು ಕಾದು ಎದ್ದುಹೋದ್ರೆ ನಾನೇನು ಮಾಡ್ಲಿ? ಹತ್ತಿರದಲ್ಲಿರೋ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ ಅಷ್ಟೆ," ಅಂದರು.

ಆ ಮಾತು ಸಂಜೆಯವರೆಗೂ ಅವನ ಕಿವಿಯಲ್ಲೇ ಇತ್ತು. ಬಸ್ಸಿನಲ್ಲಿ ಯಾರದೋ ಮೊಣಕೈ ಪಕ್ಕೆಗೆ, ಯಾರದೋ ಚೀಲ ಮುಖಕ್ಕೆ. ಮನೆ ಇರುವ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ, ಅವನು ನಡುವೆಯೇ ಕುಕ್ಕರಿಸಿದ. ಆಗ ಕೆಳಗಿನ ಮನೆಯ ನರ್ಸಕ್ಕ ಆಸ್ಪತ್ರೆಯ ಕೆಲಸ ಮುಗಿಸಿ ಬರುತ್ತಿದ್ದಳು. ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು. ಆದರೂ ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಸರಸರನೆ ಹತ್ತಿ ಬಂದಳು.

"ಏನಣ್ಣ, ಮೆಟ್ಟಿಲಿಗೆ ಕಾವಲು ಕೂತಿದ್ದೀಯಾ?"

"ಕಾವಲೂ ಇಲ್ಲ ಏನೂ ಇಲ್ಲ. ಏಳೋಕಾಗ್ತಿಲ್ಲ."

ನರ್ಸಕ್ಕನ ನಗು ನಿಂತಿತು. ಚೀಲ ಕೆಳಗಿಟ್ಟು ಅವನ ನಾಡಿ ಹಿಡಿದಳು. "ಸಕ್ಕರೆ ಗಡಿಗೆ ಬಂದಿದೆ, ಮಾತ್ರೆ ತಗೋ, ಓಡಾಡು ಅಂತ ಡಾಕ್ಟರು ಹೇಳಿದ್ರಲ್ಲ, ಓಡಾಡ್ತಿದ್ದೀಯಾ?"

"ಯಾವಾಗ ಓಡಾಡ್ಲಿ ಅಕ್ಕಾ? ಅಂಗಡೀಲಿ ಕೂತಿರೋದು, ಬಸ್ಸಲ್ಲಿ ನಿಂತಿರೋದು. ಮನೆಗೆ ಬಂದ್ರೆ ಬಿದ್ಕೊಳ್ಳೋದು." ಅವನು ತಲೆಯೆತ್ತಿ ನೋಡಿದ. "ನೀನು ದಿನಾ ಆಸ್ಪತ್ರೆಗೆ ಸೈಕಲ್ಲಲ್ಲೇ ಹೋಗ್ತೀಯಲ್ಲ, ಈ ಗಾಡಿಗಳ ನಡುವೆ ಭಯ ಆಗಲ್ವಾ?"

"ಆಗುತ್ತೆ. ಭಯ ಇರೋದಕ್ಕೇ ನೋಡ್ಕೊಂಡು ಹೋಗ್ತೀನಿ. ನೀನೂ ಹೊರಡೋದಾದ್ರೆ ಹೇಳು, ಮೊದಲು ದಾರಿ ತೋರಿಸ್ತೀನಿ."

ಕನ್ನಡಕದಣ್ಣ ಮನೆಗೆ ಹೋಗಿ ಸೈಕಲ್ ಮಾತೆತ್ತಿದ್ದೇ ತಡ, ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದಳು. ಅವಳು ಹತ್ತಿರದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಎಂಥ ತುಂಟ ಮಗುವಿಗೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು.

"ನನ್ನ ತಮ್ಮನ ಕಾಲು ನೋಡಿದ್ದು ಸಾಲ್ದಾ ನಿಮಗೆ? ಆಸ್ಪತ್ರೇಲಿ ಅವನ ಪಕ್ಕ ಕೂತಿದ್ದೋಳು ನಾನು. ಮತ್ತೆ ನಿಮ್ಮ ಪಕ್ಕನೂ ಕೂರ್ಬೇಕಾ?"

ಅವಳ ತಮ್ಮ ಹಿಂದೊಮ್ಮೆ ಸೈಕಲ್ಲಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕಿದ್ದ. ಜೀವ ಉಳಿಯಿತು, ನಡಿಗೆಯಲ್ಲಿ ಕುಂಟು ಉಳಿಯಿತು. ಆದ್ದರಿಂದ ಅವಳ ಮಾತಿಗೆ ಅವನು ಎದುರಾಡಲಿಲ್ಲ. ಎದುರಾಡದಿದ್ದರೂ ಕೇಳಲೂ ಇಲ್ಲ. ಕೆಲಸ ಹೋದರೆ ಗತಿಯೇನು ಎಂಬ ಚಿಂತೆ ಅವನಿಗೆ. ಮಾರನೆಯ ಬೆಳಿಗ್ಗೆ ಹೆಂಡತಿ ಶಿಶುವಿಹಾರಕ್ಕೆ ಹೊರಟ ಮೇಲೆ, ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ಹಳೆಯ ಸೈಕಲ್ಲನ್ನು ಎಳೆದ. ಗಾಳಿ ಹೊಡೆಸಿದ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ಸರಿಯಾಗಿ ನೋಡಲೂ ಇಲ್ಲ. ನರ್ಸಕ್ಕನಿಗೂ ಹೇಳದೆ, ಬಸ್ಸು ಹೋಗುವ ದೊಡ್ಡ ರಸ್ತೆಯಲ್ಲೇ ಹೊರಟ.

ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಸಿಗ್ನಲ್ಲಿನಲ್ಲಿ ನಿಂತ ಬಸ್ಸನ್ನು ದಾಟಿದಾಗ, ಹಿಂದಿನ ದಿನ ತನ್ನನ್ನು ಬಿಟ್ಟುಹೋದ ಬಸ್ಸು ಅದೇ ಇರಬೇಕು ಎಂದುಕೊಂಡು ಹಿಗ್ಗಿದ. ಆಮೇಲೆ ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಹೆದರಿ ರಸ್ತೆಯ ಅಂಚಿಗೆ ಸರಿದ. ಅಲ್ಲಿ ಸಾಲಾಗಿ ಕಾರು ನಿಂತಿದ್ದವು. ಅವುಗಳಿಗೆ ಒತ್ತಿಕೊಂಡೇ ಹೋಗುತ್ತಿದ್ದಾಗ, ಒಂದು ಕಾರಿನ ಬಾಗಿಲು ಫಕ್ಕನೆ ತೆರೆಯಿತು.

ಬ್ರೇಕ್ ಹಿಡಿದ. ಅದು ಹಿಡಿಯಲಿಲ್ಲ.

ದೊಡ್ಡದೇನೂ ಆಗಲಿಲ್ಲ ಎನ್ನಬೇಕು. ಹಿಂದೆ ಬರುತ್ತಿದ್ದ ವ್ಯಾನಿನ ಡ್ರೈವರ್ ಹೇಗೋ ನಿಲ್ಲಿಸಿಕೊಂಡ. ಮಣಿಕಟ್ಟು ಉಳುಕಿತು, ಮೊಣಕಾಲು ತರಚಿತು, ಅಂಗಿ ಹರಿಯಿತು. ಕಾರಿನಿಂದ ಇಳಿದ ಹುಡುಗಿ ಅವನಿಗಿಂತ ಹೆಚ್ಚು ನಡುಗುತ್ತ, "ನಾನು ಹಿಂದೆ ನೋಡ್ಲೇ ಇಲ್ಲ ಅಂಕಲ್, ನೋಡ್ಲೇ ಇಲ್ಲ," ಎಂದು ಅತ್ತಳು. ಅವಳೇ ಮನೆಗೆ ಬಿಟ್ಟು ಹೋದಳು.

ಸಂಜೆ ನರ್ಸಕ್ಕ ಬಂದು ಪಟ್ಟಿ ಕಟ್ಟುವಾಗ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಬೈದು ಬೈದು ಅವಳ ಮಾತು ಮುಗಿದಿತ್ತು. ಕಣ್ಣೀರು ಮಾತ್ರ ಮುಗಿದಿರಲಿಲ್ಲ.

"ಅಕ್ಕಾ, ನೀನು ಒಳ್ಳೇದಕ್ಕೇ ಹೇಳಿರ್ತೀಯ. ಆದ್ರೆ ಇನ್ಮೇಲೆ ಈ ಮನೇಲಿ ಸೈಕಲ್ ಅಂತ ಅನ್ಬೇಡ," ಎಂದಳು.

ನರ್ಸಕ್ಕ ಪಟ್ಟಿಯ ತುದಿ ಸಿಕ್ಕಿಸಿ ನಿಧಾನವಾಗಿ ಹೇಳಿದಳು: "ನಿನ್ನ ಭಯ ಸುಳ್ಳಲ್ಲಮ್ಮ. ನಾನೂ ಬಿದ್ದಿದ್ದೀನಿ. ಬಿದ್ದು ಬಂದವರಿಗೆ ಹೊಲಿಗೆ ಹಾಕೋವಾಗ ನಾನೂ ಕೈಜೋಡಿಸಿದ್ದೀನಿ. ಸೈಕಲ್ ಹತ್ತಿದ್ರೆ ಏನೂ ಆಗಲ್ಲ ಅಂತ ನಾನು ಯಾವತ್ತೂ ಹೇಳಲ್ಲ." ಆಮೇಲೆ ಕನ್ನಡಕದಣ್ಣನ ಕಡೆ ತಿರುಗಿದಳು. "ಯಾವ ದಾರೀಲಿ ಹೋದೆ?"

"ಬಸ್ಸು ಹೋಗೋ ದಾರೀಲೇ. ಅದೊಂದೇ ತಾನೇ ನಂಗೊತ್ತಿರೋದು?"

"ಬಸ್ಸಿನ ದಾರಿ ಬಸ್ಸಿಗೆ. ಆನೆ ನಡೆಯೋ ಕಡೆ ಇರುವೆ ಯಾಕೆ ಹೋಗ್ಬೇಕು? ನಿಂತಿರೋ ಕಾರಿಗೆ ಅಂಟ್ಕೊಂಡು ಬೇರೆ ಹೋಗಿದ್ದೀಯ. ಒಂದು ಬಾಗಿಲು ತೆಗೆಯೋಷ್ಟು ಜಾಗ ಬಿಟ್ಟೇ ಹೋಗ್ಬೇಕು. ಹಿಂದಿನವ್ರು ಹಾರ್ನ್ ಹೊಡೀಲಿ ಬಿಡು. ಹಾರ್ನ್ ಕಿವಿಗೆ ನೋವು, ಬಾಗಿಲು ಮೂಳೆಗೆ ನೋವು."

ಹೆಂಡತಿ ಮುಖ ತಿರುಗಿಸಿದಳು.

ಬಿದ್ದ ಸುದ್ದಿ ಕೇಳಿ ಅವಳ ತಮ್ಮ ಭಾವನನ್ನು ನೋಡಲು ಬಂದ. ಕುಂಟುತ್ತ ಮೆಟ್ಟಿಲು ಹತ್ತಿ ಬಂದವನ ಕೈಗೆ ನೀರು ಕೊಟ್ಟು ಅಕ್ಕ ಹೇಳಿದಳು: "ನನ್ನ ಮಾತು ಇವರ ತಲೆಗೆ ಹೋಗಲ್ಲ. ಅನುಭವಿಸಿದೋನು ನೀನು. ನೀನಾದ್ರೂ ಹೇಳು."

ತಮ್ಮ ನೀರು ಕುಡಿದು ಲೋಟ ಕೆಳಗಿಟ್ಟ.

"ಅಕ್ಕಾ, ನನ್ನನ್ನ ಕೆಡವಿದ್ದು ಸೈಕಲ್ಲಲ್ಲ. ಲಾರಿ."

"ಅದನ್ನೇ ತಾನೇ ನಾನೂ ಹೇಳ್ತಿರೋದು?"

"ಪೂರ್ತಿ ಕೇಳು. ಲಾರಿ ತಿರುಗ್ತಾ ಇತ್ತು. ನಾನು ಅದರ ಒಳಪಕ್ಕ ನುಗ್ಗಿದೆ. ಆಗಲೇ ಮಬ್ಬು ಕವಿದಿತ್ತು. ಕಪ್ಪು ಅಂಗಿ ಹಾಕಿದ್ದೆ, ಸೈಕಲ್ಲಿಗೆ ದೀಪ ಇರ್ಲಿಲ್ಲ. ಡ್ರೈವರಿಗೆ ನಾನು ಕಂಡೇ ಇಲ್ಲ. ಪಾಪ, ಅವನೂ ಆಸ್ಪತ್ರೆಗೆ ಬಂದು ಅತ್ತು ಹೋದ." ಅವನು ಕಾಲನ್ನು ನೀವಿಕೊಂಡ. "ಈಗ್ಲೂ ನಂಗೆ ಸೈಕಲ್ ಕಂಡ್ರೆ ಆಸೆ. ಭಾವ ಹೋಗ್ಲಿ ಅಂತ ನಾನು ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ದಾರಿ ನೋಡದೆ ಕಳಿಸ್ಬೇಡ, ಅಷ್ಟೇ."

ಹೆಂಡತಿ ಅವತ್ತು ಮತ್ತೆ ಆ ವಿಷಯ ಎತ್ತಲಿಲ್ಲ. ಗಂಡ ಕೆಲವು ದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಮತ್ತೆ ಬಸ್ಸಿನಲ್ಲಿ ಅಂಗಡಿಗೆ ಹೋಗಿಬಂದ. ಆದರೆ ಅವನ ಮಣಿಕಟ್ಟು ವಾಸಿಯಾದಾಗ ತಾನೇ ಕೆಳಗಿಳಿದು ನರ್ಸಕ್ಕನ ಬಾಗಿಲು ತಟ್ಟಿದಳು.

"ರಜಾ ದಿನ ದಾರಿ ತೋರಿಸ್ತೀಯಾ? ಅವರೊಬ್ಬರಿಗೇ ಅಲ್ಲ. ನಾನೂ ಬರ್ತೀನಿ. ನಾನು ನೋಡಿ ಒಪ್ಪಿದ್ರೆ ಸೈ, ಇಲ್ಲಾಂದ್ರೆ ಆ ಸೈಕಲ್ಲು ಗುಜರಿಗೆ."

ರಜೆಯ ಬೆಳಿಗ್ಗೆ ಮೂವರೂ ಹೊರಟರು. ಕನ್ನಡಕದಣ್ಣನ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರ್ ಬಂದಿತ್ತು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬಂದಿತ್ತು. ಹೆಂಡತಿಗೆ ನರ್ಸಕ್ಕ ತನ್ನ ಮಗಳ ಸೈಕಲ್ ಕೊಟ್ಟಳು. ಅವಳು ಸೈಕಲ್ ತುಳಿದದ್ದು ಮದುವೆಗೆ ಮುಂಚೆ. ಮೊದಲ ತಿರುವಿನಲ್ಲೇ ಓಲಾಡಿ ಹಾಲಿನ ಅಂಗಡಿಯ ಬೋರ್ಡಿಗೆ ಗುದ್ದಿದಳು.

"ನನಗೆ ಬುದ್ಧಿ ಹೇಳಿದ್ದು ಇವಳೇನಾ?" ಅಂದ ಗಂಡ.

"ಬೋರ್ಡು ಅಡ್ಡ ಬಂತು," ಅಂದಳು ಹೆಂಡತಿ. ಮೂವರೂ ನಕ್ಕರು. ಆ ಮನೆಯವರು ಹಾಗೆ ನಕ್ಕು ಬಹಳ ದಿನವಾಗಿತ್ತು.

ನರ್ಸಕ್ಕ ದೊಡ್ಡ ರಸ್ತೆಯನ್ನು ಮುಟ್ಟಲೇ ಇಲ್ಲ. ಶಾಲೆಯ ಹಿಂದಿನ ಗಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಓಣಿ, ಅಚ್ಚುಕೂಟಗಳ ಬೀದಿ, ಹೀಗೆ ಸುತ್ತಿ ಸುತ್ತಿ ಕರೆದುಕೊಂಡು ಹೋದಳು. ದಾರಿ ಸ್ವಲ್ಪ ಉದ್ದ. ಆದರೆ ಗಾಡಿಗಳು ಕಡಿಮೆ, ಅವೂ ನಿಧಾನ. ಅಗಲವಾದ ರಸ್ತೆ ದಾಟಬೇಕಾದ ಕಡೆ ಅವಳು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು, ನಡೆಯುವವರ ಜೊತೆ ದಾಟಿದಳು.

"ಇಳಿದ್ರೆ ಮರ್ಯಾದೆ ಹೋಗುತ್ತಾ? ಜೀವ ಇದ್ರೆ ಮರ್ಯಾದೆ ತಾನಾಗಿ ಬರುತ್ತೆ," ಎಂದಳು.

ಹೆಂಡತಿ ಒಂದೊಂದು ಮೂಲೆಯನ್ನೂ ಪರೀಕ್ಷಿಸುತ್ತ ಬಂದಳು. ರೈಲು ಸೇತುವೆಯ ಕೆಳಗೆ ಬಂದಾಗ ಗಕ್ಕನೆ ನಿಂತಳು. ಅಲ್ಲಿ ಗೋದಾಮಿನ ಲಾರಿಗಳು ತಿರುಗುತ್ತಿದ್ದವು, ಕತ್ತಲು ಬೇರೆ.

"ಇದು ನಂಗೆ ಒಪ್ಪಿಗೆ ಇಲ್ಲ."

"ನಂಗೂ ಇಲ್ಲಮ್ಮ," ಅಂದಳು ನರ್ಸಕ್ಕ. "ಆಸ್ಪತ್ರೆ ಈಚೆಗೇ ಸಿಗುತ್ತೆ. ಇದನ್ನ ದಾಟಿ ಆಚೆ ಹೋಗೋದು ಹೇಗೆ ಅಂತ ನಂಗೂ ಗೊತ್ತಿಲ್ಲ."

ಕನ್ನಡಕದಣ್ಣನ ಮುಖ ಬಾಡಿತು. ಅಂಗಡಿ ಇದ್ದದ್ದು ಸೇತುವೆಯ ಆಚೆಗೇ. ಇಷ್ಟು ದೂರ ಬಂದು ಇಲ್ಲಿಗೆ ಮುಗಿಯಿತಲ್ಲ ಎಂದು ಅವನು ಸೈಕಲ್ ತಿರುಗಿಸುತ್ತಿದ್ದ. ಅಷ್ಟರಲ್ಲಿ ಹೆಂಡತಿ ಪಕ್ಕದ ಉದ್ಯಾನದ ಗೇಟಿನ ಹತ್ತಿರ ಹೋಗಿ ಕಾವಲುಗಾರನನ್ನು ಮಾತಾಡಿಸುತ್ತಿದ್ದಳು. ಮಕ್ಕಳ ಹತ್ತಿರ ಮಾತಾಡಿ ಅಭ್ಯಾಸವಿದ್ದ ಅವಳ ದನಿಗೆ ಆ ಗಡ್ಡದ ತಾತನೂ ಕರಗಿದ.

"ಈ ಉದ್ಯಾನಕ್ಕೆ ಆಚೆಯೂ ಬಾಗಿಲಿದೆಯಾ ತಾತ?"

"ಇದೆ. ಕಾಲ್ನಡಿಗೆಯೋರ ಮೇಲುಸೇತುವೆ ಹತ್ರ ಬಿಡುತ್ತೆ. ಅದಕ್ಕೆ ಇಳಿಜಾರೂ ಇದೆ, ಸೈಕಲ್ ತಳ್ಕೊಂಡು ಹಳಿ ದಾಟ್ಬೋದು. ಬೆಳಗ್ಗೇನೇ ತೆಗೆದಿರ್ತೀನಿ. ಆದ್ರೆ ಒಳಗೆ ಓಡಿಸೋ ಹಾಗಿಲ್ಲ, ಮುದುಕರು ನಡೀತಾ ಇರ್ತಾರೆ."

"ಓಡಿಸಲ್ಲ ತಾತ. ಓಡಿಸಿದ್ರೆ ನೀವೇ ಕಿವಿ ಹಿಂಡಿ, ಇವರೇ ನೋಡಿ ಆಸಾಮಿ," ಎಂದು ಗಂಡನನ್ನು ತೋರಿಸಿದಳು.

ಕನ್ನಡಕದಣ್ಣ ಸೈಕಲ್ಲನ್ನು ಮತ್ತೆ ಗೇಟಿನ ಕಡೆಗೆ ಹೊರಳಿಸಿದ. ಬೇಡ ಬೇಡ ಎನ್ನುತ್ತಿದ್ದವಳೇ ದಾರಿ ಹುಡುಕಿಕೊಟ್ಟಿದ್ದಳು.

ಅಲ್ಲಿಂದ ಅಂಗಡಿಯವರೆಗೂ ಹೋಗಿ ಬೀಗ ಹಾಕಿದ ಬಾಗಿಲನ್ನು ಮುಟ್ಟಿ ಬಂದರು.

ಮಾರನೆಯ ದಿನ ಅವನು ಮಾಲೀಕರನ್ನು ಕೇಳಿದ: "ಸೈಕಲ್ ನಿಲ್ಸೋಕೆ ಹಿಂದುಗಡೆ ಒಂದು ಚೂರು ಜಾಗ ಬೇಕಿತ್ತು."

"ಬೆವರಿಳಿಸ್ಕೊಂಡು ಬಂದು ಕೆಲಸಕ್ಕೆ ಕೂರ್ತೀಯಾ?"

"ಇಲ್ಲ. ಬೇಗ ಹೊರಟು ನಿಧಾನ ಬರ್ತೀನಿ. ಬೇರೆ ಅಂಗಿ ತಂದಿರ್ತೀನಿ, ಮುಖ ಮೈ ಒರೆಸ್ಕೊಂಡು ಹಾಕ್ಕೊಳ್ತೀನಿ."

ಮಾಲೀಕರು ಗೊಣಗಿದರು. ಆದರೂ ಹಳೆಯ ಡಬ್ಬಗಳನ್ನು ಸರಿಸಿ ಜಾಗ ಮಾಡಿಸಿದರು. ಕೆಲವು ವಾರಗಳಲ್ಲಿ ಎದುರಿನ ಬ್ಯಾಗ್ ರಿಪೇರಿಯವನೂ ತನ್ನ ಸೈಕಲ್ಲನ್ನು ಅಲ್ಲೇ ನಿಲ್ಲಿಸತೊಡಗಿದ.

ಎಲ್ಲ ದಿನವೂ ಸಲೀಸಾಗಿತ್ತು ಎಂದರೆ ಸುಳ್ಳಾಗುತ್ತದೆ. ಜೋರು ಮಳೆ ಬಂದ ದಿನ ಅವನು ಬಸ್ಸನ್ನೇ ಹಿಡಿದ. ಹೊಗೆ ಹೆಚ್ಚಿದ್ದ ದಿನ ಮೂಗು ಮುಚ್ಚಿಕೊಂಡು ಹೋದ. ಒಮ್ಮೆ ಚಕ್ರಕ್ಕೆ ಮೊಳೆ ಚುಚ್ಚಿ ದೂರದವರೆಗೆ ತಳ್ಳಿದ. ಆದರೆ ಅಂಗಡಿಗೆ ತಡವಾಗಿ ಹೋಗುವುದು ತಪ್ಪಿತು. ಬೇರೆಯವರನ್ನು ನೋಡುವ ಮಾತು ಮಾಲೀಕರ ಬಾಯಲ್ಲಿ ಮತ್ತೆ ಬರಲಿಲ್ಲ. ಮೆಟ್ಟಿಲ ನಡುವೆ ಕುಕ್ಕರಿಸುವುದೂ ತಪ್ಪಿತು. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯಿಂದ ಈಚೆಗೆ ಸರಿದಿತ್ತು.

"ಸೈಕಲ್ಲೇ ಔಷಧಿ ಅಂತ ಮಾತ್ರೆ ಬಿಡ್ಬೇಡ," ಎಂದು ನರ್ಸಕ್ಕ ಎಚ್ಚರಿಸಿದಳು. "ಡಾಕ್ಟರ್ ಹೇಳಿದ್ದನ್ನೂ ಮಾಡು, ಪೆಡಲನ್ನೂ ತುಳಿ."

ಒಂದು ಬೆಳಿಗ್ಗೆ ಶಿಶುವಿಹಾರಕ್ಕೆ ಮಗುವನ್ನು ಬಿಡಲು ಬಂದ ತಾಯಿಯೊಬ್ಬಳು ಅವನ ಹೆಂಡತಿಯನ್ನು ಕೇಳಿದಳು: "ಅಲ್ಲಾ, ಆ ಭಯಂಕರ ರಸ್ತೇಲಿ ಗಂಡನ್ನ ಸೈಕಲ್ಲಲ್ಲಿ ಹೇಗೆ ಕಳಿಸ್ತೀರಿ? ನನ್ನೋರೂ ಹೋಗ್ತೀನಿ ಅಂತ ಕೂತಿದ್ದಾರೆ, ನಾನು ಬೇಡ್ವೇ ಬೇಡ ಅಂದಿದ್ದೀನಿ."

"ಆ ರಸ್ತೇಲಿ ನಾನೂ ಕಳಿಸಲ್ಲ," ಎಂದಳು ಅವಳು, ಮಗುವನ್ನು ಎತ್ತಿಕೊಳ್ಳುತ್ತ. "ಬೇರೆ ದಾರಿ ಇದೆ. ರಜಾ ದಿನ ಇಬ್ಬರೂ ಬನ್ನಿ, ನಾನೇ ತೋರಿಸ್ತೀನಿ."

ಈ ಕಥೆ ಓದಿದವರೇ, ಕೇಳಿದವರೇ, ನಿಮ್ಮ ಕೆಲಸದ ಜಾಗ ತೀರಾ ದೂರವಿಲ್ಲದಿದ್ದರೆ ಸೈಕಲ್ ಬಗ್ಗೆ ಒಮ್ಮೆ ಯೋಚಿಸಿ. ಎಲ್ಲರಿಗೂ ಆಗಲಿಕ್ಕಿಲ್ಲ, ಎಲ್ಲ ದಿನವೂ ಆಗಲಿಕ್ಕಿಲ್ಲ. ವಾರದಲ್ಲಿ ಕೆಲವು ದಿನವಾದರೂ ಸಾಕು. ಮೊದಲು ಬ್ರೇಕ್ ನೋಡಿ, ದೀಪ ಹಾಕಿಸಿ, ಕಣ್ಣಿಗೆ ಎದ್ದು ಕಾಣುವ ಬಟ್ಟೆ ತೊಡಿ, ತಲೆಗೆ ಹೆಲ್ಮೆಟ್ ಇರಲಿ. ತಿರುಗುತ್ತಿರುವ ದೊಡ್ಡ ಗಾಡಿಯ ಪಕ್ಕಕ್ಕೆ ನುಗ್ಗಬೇಡಿ. ಕಾರಿನವರೇ, ಬಾಗಿಲು ತೆರೆಯುವ ಮುನ್ನ ದಯವಿಟ್ಟು ಹಿಂದೆ ನೋಡಿ. ಅಂಗಡಿ ಕಚೇರಿಗಳ ಯಜಮಾನರೇ, ಸೈಕಲ್ಲಿಗೆ ಒಂದು ಮೂಲೆ ಬಿಟ್ಟುಕೊಡಿ. ಸೈಕಲ್ಲಿಗೆ ಬೇರೆ ಹಾದಿ ಬೇಕೆಂದು ನಾವೆಲ್ಲ ಸೇರಿ ನಗರ ಆಡಳಿತವನ್ನು ಕೇಳೋಣ. ಒಬ್ಬರು ಕೇಳಿದರೆ ಗೊಣಗಾಟ, ಬೀದಿಯೇ ಕೇಳಿದರೆ ಬೇಡಿಕೆ.

ಅದಕ್ಕೂ ಮುಂಚೆ, ಬರುವ ರಜೆಯ ದಿನ ದಾರಿ ನೋಡಲು ಹೊರಡಿ. ಒಬ್ಬರೇ ಹೋಗಬೇಡಿ. ನಿಮಗೇನಾದರೂ ಆದೀತೆಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರೋ, ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ.