ಕತ್ತಿನ ಮೇಲೋ ಕೆಳಗೋ

ಎಡಮೂಗು ಪೂರ್ತಿ ಬಂದ್, ಬಲಮೂಗಿನಲ್ಲಿ ಸಣ್ಣ ಸೀಟಿ, ಉಸಿರೆಳೆದಾಗಲೆಲ್ಲ ಕುಯ್ ಅನ್ನುತ್ತದೆ, ಅಮ್ಮನಿಗೂ ಕೇಳಿಸಿರಬೇಕು, ಅವಳ ಕಿವಿ ಈಗ ಸದಾ ನನ್ನ ಎದೆಯ ಮೇಲೇ ಇರುತ್ತದೆ — ಬೆಳಿಗ್ಗೆ ಏನೂ ಕೇಳದೆ ಬಿಸಿನೀರು ತಂದಿಟ್ಟಳು, ತಲೆಗೆ ಟವೆಲ್ ಹೊದಿಸಿದಳು, ಹಬೆಯೊಳಗೆ ನಾನೊಬ್ಬಳೇ, ಒಬ್ಬಳೇ ಎಲ್ಲಿ ಬಂತು, ಅಕ್ಕನೂ ತೂರಿಕೊಂಡು ಕೂತಿದ್ದಾಳೆ, ಮೂಗು ಕೆಂಪಗೆ, ನಗು ಬೇರೆ, ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋಕಾಗತ್ತೇನೆ, ಔಷಧಿ ತಗೊಂಡ್ರೆ ಏಳು ದಿನ, ಬಿಟ್ರೆ ಒಂದು ವಾರ, ಬಾ ದೋಣಿ ಇಳಿಸೋಣ. ಹಾಳು ಕೆಮ್ಮು, ಕೆರೆಗೆ ಬಂದಾಯ್ತು, ಈಗ ಬರಬೇಡ, ಕಟ್ಟೆಯ ತುದಿಯಲ್ಲಿ ಕೋಚ್ ನಿಂತಿದ್ದಾರೆ, ಕೆರೆಯ ಮೇಲೆ ಮಂಜು, ಇವತ್ತು ಆಯ್ಕೆ, ಇಬ್ಬರು ಹುಟ್ಟು ಹಾಕುವ ದೋಣಿ ಒಂದೇ ಒಂದು ಹೋಗುತ್ತದೆ ದೊಡ್ಡ ಸ್ಪರ್ಧೆಗೆ, ನಾನು ಮತ್ತು ನನ್ನ ಜೊತೆಗಾರ್ತಿ ಗುಬ್ಬಿ, ಇಲ್ಲವೇ ಆ ಉದ್ದ ಕಾಲಿನ ಜೋಡಿ. ಗುಬ್ಬಿಗೆ ಇದೇ ಕೊನೆ, ಈ ಸಲ ಆಗದಿದ್ದರೆ ಹುಟ್ಟು ಬಿಟ್ಟು ಮಾವನ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಮಾತಾಗಿದೆ, ದಾರಿಯುದ್ದಕ್ಕೂ ನನ್ನ ಮುಖ ನೋಡುತ್ತಿದ್ದಳು, ಬರೀ ಮೂಗು ತಾನೆ ಅಂದಳು, ಬರೀ ಮೂಗು ಅಂದೆ, ರಾತ್ರಿಯಿಂದ ಎದೆಯ ಮೇಲೆ ಯಾರೋ ಮೊಣಕೈ ಊರಿದ ಹಾಗಿದೆ, ಕಾಲಿನ ಗಂಟುಗಂಟಿನಲ್ಲೂ ನೋವು. ಕೋಚ್ ಎಲ್ಲರನ್ನೂ ಕೇಳುವುದು ಒಂದೇ, ನೆಗಡಿ ಕತ್ತಿನ ಮೇಲೋ ಕೆಳಗೋ, ಮೇಲೆ ಅಂದರೆ ಸೀನು, ಗಂಟಲು, ದೋಣಿ ಹತ್ತು, ಕೆಳಗೆ ಅಂದರೆ ಎದೆ, ಮೈಕೈ, ಮನೆಗೆ ನಡೆ. ಅಕ್ಕ ಅವತ್ತು ಹೇಳಿದ್ದು, ಮೇಲೆ ಸರ್.

ನಾವು ಹೋಗುವ ಕಡೆಗೆ ಬೆನ್ನು ಹಾಕಿ ಕೂರುವವರು, ಕಣ್ಣಿಗೆ ಕಾಣುವುದು ಬಿಟ್ಟು ಬಂದ ನೀರು, ಮತ್ತೆ ಮುಂದೆ ಬೆನ್ನು ತೋರಿಸಿ ಕೂತವಳ ಕತ್ತು, ಅವತ್ತು ಅಕ್ಕನ ಕತ್ತು, ಬೆವರಿಗೆ ಅಂಟಿದ ಕೂದಲೆಳೆ, ಕಿವಿಯ ಹಿಂದೆ ಮಚ್ಚೆ, ಅದು ಬಾಗಿದರೆ ನಾನು ಬಾಗಬೇಕು, ಎದ್ದರೆ ಏಳಬೇಕು, ಬಾಗಿತು, ಬಾಗಿದೆ, ನಾನು ಎದ್ದೆ, ಅದು ಏಳಲಿಲ್ಲ, ತಡ ಮಾಡ್ತಿದಾಳಲ್ಲ ಇವಳು ಅಂದುಕೊಂಡೆ, ಸಿಟ್ಟೂ ಬಂತು, ಇನ್ನೊಂದು ಸಲ ಎಳೆದೆ, ದೋಣಿ ಅವಳನ್ನೂ ಕೂರಿಸಿಕೊಂಡು ಹೋಯಿತು. ನೆಗಡಿಯ ಸೋಂಕು ಹೃದಯಕ್ಕೆ ಇಳಿದಿತ್ತು ಅಂದರು ಡಾಕ್ಟರು, ವಿಶ್ರಾಂತಿ ತಗೊಂಡಿದ್ರೆ ಬಹುಶಃ ಉಳೀತಿದ್ಲು. ಮತ್ತೆ ದೋಣಿ ಹತ್ತುವಾಗ ಹಟ ಹಿಡಿದೆ, ಅಕ್ಕ ಕೂರುತ್ತಿದ್ದ ಸೀಟು ನನಗೇ ಬೇಕು, ಯಾರ ಕತ್ತೂ ನೋಡಲಾರೆ, ಬರೀ ನೀರು ಸಾಕು, ನೀರಿನ ಮೇಲೂ ಅದೇ ಕತ್ತು, ಬಾಗಿದ್ದು, ಏಳದ್ದು.

ಮೇಲೋ ಕೆಳಗೋ, ಕೋಚ್ ಕೇಳಿಯೇಬಿಟ್ಟರು, ನನ್ನ ಮುಖ ನೋಡುವುದಿಲ್ಲ, ನೀರು ನೋಡುತ್ತಾರೆ. ಮೇಲೆ ಅನ್ನೇ, ಅಕ್ಕನ ದನಿ, ಕಿವಿಯ ಹತ್ತಿರವೇ, ಒಂದು ಗಳಿಗೆ ಅಷ್ಟೇ ಕಣೆ, ಅನ್ನು. ಅಂದರೆ ಮುಗಿಯಿತು, ನನಗೂ ಹೋಗಬೇಕು, ಎಷ್ಟು ಆಸೆಯೆಂದರೆ ಹಲ್ಲು ನೋಯುವಷ್ಟು, ನಾಲಿಗೆಯ ತುದಿಗೆ ಬಂದಿದೆ ಮೇ — ಗುಬ್ಬಿ ಹಿಂದೆ ನಿಂತು ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ, ನನ್ನ ಹಿಂದೆ, ಅವಳು ಕೂರುವುದೇ ನನ್ನ ಹಿಂದೆ, ಅಯ್ಯೋ ದೇವರೇ, ಅವಳ ಕಣ್ಣೆದುರು ಇರುವುದು ನನ್ನ ಕತ್ತಲ್ಲವೇ, ಇಷ್ಟು ದಿನ ಹೊಳೆಯಲಿಲ್ಲವಲ್ಲ ಈ ಮಂಕುದಿಣ್ಣೆಗೆ, ತಡ ಮಾಡ್ತಿದಾಳೆ ಅಂದುಕೊಳ್ಳುವವಳು ಅವಳು, ಇನ್ನೊಂದು ಸಲ ಎಳೆಯುವವಳು ಅವಳು, ಆಮೇಲೆ ಜನ್ಮವಿಡೀ. ಕೆಳಗೆ, ಸರ್, ಎದೆಯಲ್ಲಿದೆ.

ಕೋಚ್ ತಲೆಯಾಡಿಸಿದರು, ಉದ್ದ ಕಾಲಿನವರಿಗೆ ಕೈಮಾಡಿದರು, ಯಾರೂ ಬೈಯಲಿಲ್ಲ. ಗುಬ್ಬಿ ಮಾತ್ರ ಅಂದಳು, ಒಂದೇ ಒಂದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ. ಅಕ್ಕನ ಸಂಗತಿ ಅವಳು ಕೇಳಿದ್ದಾಳೆ, ನೋಡಿಲ್ಲ, ಕೇಳುವುದೇ ಬೇರೆ, ನೋಡುವುದೇ ಬೇರೆ, ಹೇಳಲೇ, ಬೇಡ, ಶಾಪ ಹಾಕಿಕೊಳ್ಳಲಿ, ನಾಳೆಯಿಂದ ಮಾತೂ ಬಿಡುತ್ತಾಳೆ, ಬಿಡಲಿ — ಹುಟ್ಟನ್ನು ಹೆಗಲಿಗೇರಿಸಿ ಕಟ್ಟೆ ಹತ್ತಿ ಹೋಗುತ್ತಿದ್ದಾಳೆ, ತಿರುಗಬೇಡ, ಹಾಗೇ ನಡೆ, ಕಟ್ಟಿದ ಕೂದಲ ಕೆಳಗೆ ಅವಳ ಕತ್ತು, ಸಿಟ್ಟಿಗೆ ನೆಟ್ಟಗೆ ನಿಂತ ಕತ್ತು, ಬಾಗಲಿಲ್ಲ, ನೋಡುತ್ತಲೇ ಇದ್ದೇನೆ, ಕತ್ತು, ಇನ್ನೂ ಬಾಗಲಿಲ್ಲ, ಕತ್ತು